ಮಿಡತೆಯ ಬ್ಯಾಕ್‌ಹ್ಯಾಂಡ್

ಬೈಂಡಿಂಗ್ ಶೆಡ್ಡಿನ ಮೇಲಿನ ಕೋಣೆ,
ತಾರೀಖು ೧೭, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟಕ್ಕೆ ಹಾಕಿದ ಹೊಸ ಕೀಲು ಹೇಳಿದ ಮಾತು ಕೇಳುತ್ತಿದೆಯೇ, ಇಲ್ಲ ಅದೂ ನಿನ್ನ ಹಾಗೇ ಆಗಿದೆಯೇ? ಊರುಗೋಲು ಬಿಟ್ಟು ಎಷ್ಟು ಹೆಜ್ಜೆ ಇಡುತ್ತೀಯ ಎಂದು ಸರಿಯಾಗಿ ಬರೆ. ಮಗ್ಗುಲಾಗಿ ಮಲಗುವಾಗ ಎರಡು ಕಾಲಿನ ನಡುವೆ ದಿಂಬು ಇಟ್ಟುಕೊಳ್ಳುವುದನ್ನು ಮರೆಯಬೇಡ, ಡಾಕ್ಟರು ಅದನ್ನು ನನ್ನ ಎದುರಿಗೇ ಹೇಳಿದ್ದಾರೆ. ಮಧ್ಯಾಹ್ನ ಎರಡು ಗಂಟೆ ಮಲಗುವುದು ನಿನ್ನ ಆಸ್ಪತ್ರೆಯಲ್ಲಿ ಕಡ್ಡಾಯವಂತೆ. ಹುಟ್ಟಿದಾಗಿನಿಂದ ಹುಡುಕುತ್ತಿದ್ದ ಜಾಗ ನಿನಗೆ ಕೊನೆಗೂ ಸಿಕ್ಕಿತು ಎಂದು ಇಲ್ಲಿ ಎಲ್ಲರೂ ನಕ್ಕೆವು. ನಾವೆಲ್ಲ ಚೆನ್ನಾಗಿದ್ದೇವೆ. ಮಗ ಹೊಸ ಕಟಿಂಗ್ ಮೆಷಿನ್ನನ್ನು ದಿನಕ್ಕೆ ಮೂರು ಸಲ ಒರೆಸುತ್ತಾನೆ, ಮನೆಯಲ್ಲಿ ತಿಂದ ತಟ್ಟೆ ಎತ್ತುವುದಿಲ್ಲ. ಸೊಸೆಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹೆಚ್ಚು. ಅವಳ ನಾಲಿಗೆಗೆ ಅದಕ್ಕಿಂತ ಹೆಚ್ಚು. ನನ್ನ ಸೊಂಟವೂ ಒಂದು ವಾರ ಹಿಡಿದುಕೊಂಡಿತ್ತು, ಈಗ ಬಿಟ್ಟಿದೆ. ಅದರ ಕಥೆ ಮುಂದೆ ಬರುತ್ತದೆ.

ನಿನ್ನ ಹಿಂದಿನ ಮೂರು ಕಾಗದದಲ್ಲೂ ಒಂದೇ ಪ್ರಶ್ನೆ, ಮಿಡತೆಯ ಬ್ಯಾಕ್‌ಹ್ಯಾಂಡ್ ಹೇಗಿದೆ ಎಂದು. ಮೊದಲನೆಯದಕ್ಕೆ ನಾನು ಚಾವಣಿ ಸೋರುವ ವಿಷಯ ಬರೆದೆ. ಎರಡನೆಯದಕ್ಕೆ ಶಾಲಾ ಪುಸ್ತಕದ ಆರ್ಡರ್ ಬಂದ ವಿಷಯ ಬರೆದೆ. ಮೂರನೆಯದಕ್ಕೆ ಉತ್ತರವನ್ನೇ ಬರೆಯಲಿಲ್ಲ. ನಿನ್ನ ಅಕ್ಕ ಸುಳ್ಳು ಬರೆಯುವವಳಲ್ಲ, ನಿಜ ಬರೆಯಲು ಕೈ ಏಳಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನೀನು ಕೇಳಿಸಿಕೊಳ್ಳುವುದಿಲ್ಲ. ಈಗ ಹೇಳುತ್ತೇನೆ. ನಮ್ಮ ಮಿಡತೆಗೆ, ನನ್ನ ಮೊಮ್ಮಗಳಿಗೆ, ನೀನು ಎರಡು ವರ್ಷ ತಾಳ್ಮೆಯಿಂದ ಕೂರಿಸಿದ ಹೊಡೆತವನ್ನು ನಾನು ಆರು ವಾರದಲ್ಲಿ ಕೆಡಿಸಿದೆ. ಹುಡುಗಿ ಬ್ಯಾಟು ಕೆಳಗಿಟ್ಟು, ಇನ್ನು ಆಡುವುದೇ ಇಲ್ಲ ಎಂದಳು. ಜೂನಿಯರ್ ಟೇಬಲ್ ಟೆನಿಸ್ ತಂಡದ ಆಯ್ಕೆ ಪಂದ್ಯಕ್ಕೆ ಆಗ ಮೂರು ವಾರ ಉಳಿದಿತ್ತು. ಆ ಪಂದ್ಯ ನಿನ್ನೆ ಮುಗಿಯಿತು. ಏನಾಯಿತೆಂದು ನೋಡಲು ಕೊನೆಯ ಹಾಳೆಗೆ ಹಾರಬೇಡ. ಪತ್ತೇದಾರಿ ಕಾದಂಬರಿಯನ್ನೂ ಹಿಂದಿನಿಂದ ಓದುವವನು ನೀನು. ನಾನು ಸಾಲಾಗಿ ಬರೆದಿದ್ದೇನೆ, ನೀನೂ ಸಾಲಾಗಿ ಓದು.

ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಕಾರಿನ ಕಿಟಕಿಯಿಂದ ಒಂದು ಹಾಳೆಗಳ ಕಟ್ಟು ಕೊಟ್ಟೆಯಲ್ಲ, "ಅಕ್ಕಾ, ಇದನ್ನ ಇದ್ದ ಹಾಗೇ ಹೊಲಿದು ಮಿಡತೆ ಕೈಗೆ ಕೊಡು. ಪಂದ್ಯದ ತನಕ ದಿನಕ್ಕೊಂದು ಹಾಳೆ" ಎಂದೆಯಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ. ಇದ್ದ ಹಾಗೇ ಎಂದು ನೀನು ಹೇಳಿದ್ದು ನಿಜ. ನಾನು ಆ ಮಧ್ಯಾಹ್ನವೇ ಕಟ್ಟನ್ನು ಕುಟ್ಟಿ ಅಂಚು ಸರಿಮಾಡಿ ಒಂದೊಂದೇ ಹಾಳೆ ನೋಡಿದೆ. ಒಂದರಲ್ಲಿ "ಬ್ಯಾಕ್‌ಹ್ಯಾಂಡ್, ಮೂಲೆಯಿಂದ ಮೂಲೆಗೆ, ಇನ್ನೂರು, ನಿಧಾನ." ಇನ್ನೊಂದರಲ್ಲಿ "ನೇರ ಗೆರೆಗೆ, ನೂರೈವತ್ತು, ಪಾದ ನೋಡಿಕೋ." ಪ್ರತಿ ಹಾಳೆಯ ಕೆಳಗೂ ಅದೇ ಸಾಲು, "ಸಾಕು ಅನ್ನಿಸೋ ಮೊದಲೇ ನಿಲ್ಲಿಸು." ತಾರೀಖಿಲ್ಲ, ನಂಬರಿಲ್ಲ. ನಡುನಡುವೆ ಏನೂ ಬರೆಯದ ಖಾಲಿ ಹಾಳೆಗಳು. ನಮ್ಮ ಕಸುಬಿನಲ್ಲಿ ಖಾಲಿ ಹಾಳೆ ಎಂದರೆ ಏನೆಂದು ನಿನಗೆ ಗೊತ್ತು. ಅಚ್ಚಿನ ಮೆಷಿನ್ನು ಒಂದೊಂದು ಸಲ ಎರಡು ಹಾಳೆ ಒಟ್ಟಿಗೆ ಎಳೆದುಬಿಡುತ್ತದೆ, ಮೇಲಿನದಕ್ಕೆ ಅಕ್ಷರ ಬೀಳುತ್ತದೆ, ಅಡಿಯದು ಬೋಳಾಗಿ ಬರುತ್ತದೆ. ಅದನ್ನು ಕಣ್ಣಿಟ್ಟು ಹುಡುಕಿ ತೆಗೆಯದಿದ್ದರೆ ಪುಸ್ತಕ ಓದುವವನು ನಮ್ಮನ್ನು ಬೈಯುತ್ತಾನೆ. ಈ ಶೆಡ್ಡಿಗೆ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನಾನು ಹೇಳಿಕೊಡುವ ಮೊದಲ ಪಾಠವೇ ಅದು. ಹಾಗಾಗಿ ಇದು ನನ್ನ ತಮ್ಮನ ಹಳೆಯ ಅಜಾಗರೂಕತೆ, ನೋಡದೆ ಹಾಳೆ ಹರಿದು ಸೇರಿಸಿದ್ದಾನೆ ಎಂದುಕೊಂಡೆ. ಇಪ್ಪತ್ತಮೂರು ಖಾಲಿ ಹಾಳೆ ಸಿಕ್ಕವು. ಎಲ್ಲವನ್ನೂ ತೆಗೆದು ಚೀಟಿ ಬರೆಯಲು ಆಗುತ್ತದೆಂದು ಮೇಜಿನ ಡ್ರಾಯರಿಗೆ ಹಾಕಿದೆ. ಉಳಿದ ನಲವತ್ತನ್ನು ಹೊಲಿದು, ಕೆಂಪು ಬಟ್ಟೆಯ ಬೆನ್ನು ಕೊಟ್ಟು, ಗಟ್ಟಿ ರಟ್ಟು ಹಾಕಿ ಮಿಡತೆಯ ಕೈಗಿಟ್ಟೆ. ನೋಡಲು ಅಷ್ಟು ಚೆನ್ನಾಗಿತ್ತು ಎಂದರೆ ಅವಳು ಮೊದಲು ಅದನ್ನು ಮೂಸಿ ನೋಡಿದಳು.

ಇಲ್ಲಿಯವರೆಗೆ ತಪ್ಪು ಕಸುಬಿನದು. ಮುಂದಿನದು ನನ್ನದು. ಇನ್ನೂರು ಎಂದು ನೀನು ಬರೆದ ಕಡೆ ನಾನು ನಾನೂರು ಮಾಡಿಸಿದೆ. ಸಾಕು ಅನ್ನಿಸುವ ಮೊದಲೇ ನಿಲ್ಲಿಸು ಎಂಬ ಸಾಲು ಓದಿ ನಕ್ಕೆ. ಶಾಲೆಗೆ ಹೋಗುವ ಮೊದಲೇ ಹೊಟ್ಟೆನೋವು ಬರುತ್ತಿದ್ದ ಹುಡುಗ ಬರೆಯುವ ಸಾಲಲ್ಲವೇ ಅದು? ನಾನು ಹದಿನೇಳು ವರ್ಷದವಳಿದ್ದಾಗ ದಿನಕ್ಕೆ ಸಾವಿರ ಅಚ್ಚಿನ ಫಾರಂ ಮಡಚಿ ಮಡಚಿ ಕೈ ಕೂರಿಸಿಕೊಂಡವಳು. ನನಗೆ ಯಾರೂ ಸಾಕು ಎಂದಿರಲಿಲ್ಲ. ಹಾಡ್ತಾ ಹಾಡ್ತಾ ರಾಗ ಎಂದು ಮಿಡತೆಗೆ ದಿನವೂ ಹೇಳುತ್ತಿದ್ದೆ. ಒಂದು ದಿನ ಸೊಸೆ ಅಡುಗೆಮನೆಯಿಂದಲೇ, "ಅತ್ತೆ, ಆ ಗಾದೆ ಅಷ್ಟಕ್ಕೇ ಮುಗಿಯಲ್ಲ. ನರಳ್ತಾ ನರಳ್ತಾ ರೋಗ ಅಂತಾನೂ ಇದೆ" ಎಂದಳು. ನೀನು ನಿನ್ನ ಗಾಜಿನ ಪಟ್ಟಿಯ ಮೇಲಿನ ರಕ್ತ ನೋಡಿಕೋ ತಾಯಿ, ಚೆಂಡು ನಾನು ನೋಡಿಕೊಳ್ಳುತ್ತೇನೆ ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ನಿನಗೇನು ಹೊಸದೇ?

ಸಂಜೆ ಐದೂವರೆಗೆ ಕೆಲಸದವರು ಹೋದಮೇಲೆ ಹಿಂದಿನ ಹಾಲಿನಲ್ಲಿ ನಿನ್ನ ಆಟದ ಮೇಜಿನ ಮೇಲಿದ್ದ ಫಾರಂ ಕಟ್ಟುಗಳನ್ನು ಇಳಿಸಿ, ಒದ್ದೆ ಬಟ್ಟೆಯಿಂದ ದೂಳು ಒರೆಸಿ, ನೆಟ್ ಕಟ್ಟುತ್ತಿದ್ದೆವು. ಆ ಕಡೆ ಮಿಡತೆ, ಈ ಕಡೆ ನಾನು. ಹೌದು, ನಾನೇ. ಇನ್ನಾರಿದ್ದಾರೆ? ನೂರು ಚೆಂಡಿನ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟಿಸಿ ಅವಳ ಎಡಗಡೆಗೆ ಕಳಿಸುವುದು ನನ್ನ ಕೆಲಸ. ಮೊದಲ ದಿನ ಹತ್ತರಲ್ಲಿ ಆರು ಚೆಂಡು ನೆಟ್ಟಿಗೇ ಹೋಯಿತು. "ಅಜ್ಜಿ, ಚೆಂಡಿಗೆ ಹೊಡಿ, ನೊಣಕ್ಕಲ್ಲ" ಎಂದು ಮಿಡತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ವಾರದಲ್ಲಿ ನಾನು ಕಣ್ಣು ಮುಚ್ಚಿಕೊಂಡರೂ ಚೆಂಡು ಅದೇ ಜಾಗಕ್ಕೆ ಬೀಳುವಂತಾಯಿತು. ಅವಳ ಹೊಡೆತವೂ ಏರಿತು. ನೀನು ಹೇಳುತ್ತಿದ್ದೆಯಲ್ಲ, ಮೊಣಕೈ ಕೀಲು, ಮುಂಗೈ ಕದ, ಭುಜ ಗೋಡೆ, ಕದ ತೆರೆಯಬೇಕು, ಗೋಡೆ ಅಲ್ಲಾಡಬಾರದು ಎಂದು. ಎರಡು ವಾರ ಕದ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ನೋಡಿದೆಯಾ, ದುಡಿಸಿದರೆ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ನಿನ್ನ ಹತ್ತಿರ ಜಗಳವಾಡಿ ಗೆದ್ದೆ.

ಮೂರನೇ ವಾರದಲ್ಲಿ ಗೋಡೆ ಅಲ್ಲಾಡಿತು. ಮೊದಲು ಅವಳ ಭುಜ ಕಿವಿಯ ಕಡೆಗೆ ಏರಿತು. ಆಮೇಲೆ ಮೊಣಕೈ ಪಕ್ಕಕ್ಕೆ ಚಾಚಿಕೊಂಡಿತು. ಹಿಡಿ ಎಷ್ಟು ಬಿಗಿಯಾಯಿತೆಂದರೆ ಗೆಣ್ಣುಗಳು ಬಿಳಿಚಿಕೊಳ್ಳುತ್ತಿದ್ದವು. ಪಾದ ಅಂಟು ಮೆತ್ತಿದ ಹಾಗೆ ನೆಲಕ್ಕೆ ಹಿಡಿದುಕೊಂಡಿತು. ಮಿಡತೆ ಎಂದು ಹೆಸರಿಟ್ಟದ್ದೇ ಅವಳು ಪುಟಿಯುತ್ತಾಳೆಂದು, ಆ ಹುಡುಗಿ ನಿಂತಲ್ಲೇ ಕೈ ಚಾಚತೊಡಗಿದಳು. ಎದೆಯ ಮುಂದೆ ಸಿಗಬೇಕಾದ ಚೆಂಡು ಪಕ್ಕೆಯ ಹತ್ತಿರ ತಡವಾಗಿ ಸಿಗುತ್ತಿತ್ತು, ಒಂದು ನೆಟ್ಟಿಗೆ, ಒಂದು ಅಂಟಿನ ಡಬ್ಬಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಣಕಿಸಿದೆ, ಪಾಪ, ಅವಳು ನೆಲದ ಮೇಲೆ ದೂರು ಹೇಳಿಯೇ ಇರಲಿಲ್ಲ. ತಪ್ಪು ಹೆಚ್ಚಾದಷ್ಟೂ ನಾನು ನೂರು ಸೇರಿಸಿದೆ. ನೂರು ಸೇರಿಸಿದಷ್ಟೂ ತಪ್ಪು ಹೆಚ್ಚಾಯಿತು. ಈಗ ತಿಳಿಯುತ್ತದೆ, ದಣಿದ ಕೈಯೂ ಕಲಿಯುತ್ತದೆ ತಮ್ಮಾ, ಆದರೆ ಅದು ಕಲಿಯುವುದು ದಣಿದ ಹೊಡೆತವನ್ನು. ನಾನು ದಿನಕ್ಕೆ ಐನೂರು ಸಲ ಆ ಮಗುವಿಗೆ ತಪ್ಪನ್ನೇ ಬಾಯಿಪಾಠ ಮಾಡಿಸುತ್ತಿದ್ದೆ.

ನಲವತ್ತನೆಯ ದಿನಕ್ಕೆ ಪುಸ್ತಕ ಮುಗಿಯಿತು. ಪಂದ್ಯಕ್ಕೆ ಇನ್ನೂ ಇಪ್ಪತ್ತಮೂರು ದಿನ! ಬುದ್ಧಿ ಇದ್ದವರಿಗೆ ಅಲ್ಲೇ ತಿಳಿಯಬೇಕಿತ್ತು. ನನಗೆ ತಿಳಿದದ್ದು, ನೋಡು, ಸೋಮಾರಿ, ಪೂರ್ತಿ ಬರೆಯದೆ ಅರ್ಧಕ್ಕೇ ಕೈ ತೊಳೆದುಕೊಂಡಿದ್ದಾನೆ ಎಂದು. ಮೊದಲ ಪುಟದಿಂದ ಮತ್ತೆ ಶುರು ಮಾಡಿಸಿದೆ. ಮೂರನೆಯ ಸಂಜೆ ಮಿಡತೆ ಒಂದೇ ಸಮ ಹನ್ನೊಂದು ಚೆಂಡು ನೆಟ್ಟಿಗೆ ಹೊಡೆದಳು. ಅಳಲಿಲ್ಲ, ಅತ್ತಿದ್ದರೆ ಗದರಿಸಿ ಸರಿಮಾಡಬಹುದಿತ್ತು. ಬ್ಯಾಟನ್ನು ಮೇಜಿನ ಮೇಲೆ ಮೆತ್ತಗೆ ಬೋರಲು ಹಾಕಿ, "ಅಜ್ಜಿ, ನನಗೆ ಇದು ಬೇಡ. ಮಿಡತೆಗೆ ಕೈ ಹೋಯ್ತು ಅಂತ ಸಣ್ಣಜ್ಜನಿಗೆ ನೀನೇ ಬರೆದುಬಿಡು" ಎಂದು ಮೆಟ್ಟಿಲು ಹತ್ತಿ ಹೋದಳು. ಹದಿಮೂರು ವರ್ಷದ ಹುಡುಗಿ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದ್ದನ್ನು ನಾನು ಅವತ್ತೇ ನೋಡಿದ್ದು. ಯಾವಾಗಲೂ ಎರಡೆರಡು ಹಾರುತ್ತಾಳಲ್ಲ. ನಾಳೆ ಸರಿಹೋಗುತ್ತಾಳೆ ಎಂದು ಜೋರಾಗಿ ಹೇಳಿಕೊಂಡೆ. ಕೇಳಲು ಹಾಲಿನಲ್ಲಿ ಯಾರೂ ಇರಲಿಲ್ಲ.

ಆಮೇಲೆ ಚೆಂಡುಗಳನ್ನು ಹೆಕ್ಕಬೇಕಲ್ಲ. ಒಂದು ಚೆಂಡು ಕಟಿಂಗ್ ಮೆಷಿನ್ನಿನ ಅಡಿಗೆ ಹೋಗಿತ್ತು. ಬಗ್ಗಿದೆ, ಚೆಂಡು ಕೈಗೆ ಸಿಕ್ಕಿತು, ಸೊಂಟ ಅಲ್ಲೇ ಉಳಿಯಿತು. ಮೇಲೇಳಲಾರೆ, ಕೆಳಗೆ ಕೂರಲಾರೆ, ಕೊಕ್ಕರೆ ಮೀನಿಗೆ ಕಾದ ಹಾಗೆ ಅರ್ಧಕ್ಕೇ ನಿಂತೆ. ಕೂಗಿದ್ದು ಕೇಳಿ ಗೇಟಿನವರೆಗೆ ಹೋಗಿದ್ದ ಕಟಿಂಗ್ ಮೇಸ್ತ್ರಿ ವಾಪಸು ಓಡಿಬಂದ. ಅವನೂ ಮಗನೂ ಸೇರಿ ನನ್ನನ್ನು ದೊಡ್ಡ ರಟ್ಟಿನ ಹಲಗೆಯ ಮೇಲೆ ಮಲಗಿಸಿ ಮಹಡಿಗೆ ಹೊತ್ತರು. ಇಪ್ಪತ್ತೆಂಟು ವರ್ಷ ನನ್ನ ಕೈಯಲ್ಲಿ ಬೈಸಿಕೊಂಡ ಮೇಸ್ತ್ರಿ ಮೆಟ್ಟಿಲಿನ ತಿರುವಿನಲ್ಲಿ ಉಸಿರು ಬಿಡುತ್ತಾ, "ಅಮ್ಮಾವ್ರೇ, ಇಂಥ ದಪ್ಪ ಪುಸ್ತಕ ಇದುವರೆಗೂ ಎತ್ತಿರಲಿಲ್ಲ" ಎಂದ. ಮಗ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ, ಹಲಗೆ ಅಲುಗಿದ್ದರಿಂದ ಗೊತ್ತಾಯಿತು. ಡಾಕ್ಟರು ಐದು ದಿನ ಅಲುಗಬಾರದು ಎಂದರು. ಸೊಂಟ ಕೆಟ್ಟ ತಮ್ಮ ಅಲ್ಲಿ, ಸೊಂಟ ಹಿಡಿದ ಅಕ್ಕ ಇಲ್ಲಿ. ಒಂದೇ ಮಂಚ ಸಾಕಿತ್ತು ಎಂದಳು ಸೊಸೆ.

ಆ ಐದು ದಿನ ಮಿಡತೆ ಬ್ಯಾಟಿನ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದರೆ ಬೇಡ ಎನ್ನುವ ಮಾತು ಗಟ್ಟಿಯಾಗಿಬಿಡುತ್ತದೆಂದು ನನಗೆ ಹೆದರಿಕೆ. ನೀನು ಇಟ್ಟುಕೊಂಡಿರುವ ಶಿಷ್ಯೆ ಇವಳೊಬ್ಬಳೇ, ಇವಳ ವಿಷಯ ಬಂದರೆ ನೋವಿನ ಮಾತ್ರೆಯನ್ನೂ ಮರೆಯುತ್ತೀಯ ಎಂದು ಅಲ್ಲಿಯ ನರ್ಸ್ ಹೇಳಿದ್ದು ಕಿವಿಯಲ್ಲೇ ಇತ್ತು. ಚಾವಣಿ ನೋಡುತ್ತಾ ನಿನಗೆ ಬರೆಯಬೇಕಾದ ಕಾಗದವನ್ನು ಎಷ್ಟು ಸಲ ಮನಸ್ಸಿನಲ್ಲೇ ಬರೆದು ಅಳಿಸಿದೆನೋ. ಮಿಡತೆ ಶಾಲೆಯಿಂದ ಬಂದು ನನ್ನ ಪಕ್ಕದಲ್ಲಿ ಬಿದ್ದುಕೊಳ್ಳುತ್ತಿದ್ದಳು. ಕಥೆ ಪುಸ್ತಕ ಓದುತ್ತೇನೆಂದು ಶುರು ಮಾಡಿ ಎರಡನೆಯ ಪುಟದಲ್ಲಿ ಪುಸ್ತಕ ಮುಖದ ಮೇಲೆ ಬಿದ್ದಿರುತ್ತಿತ್ತು. ಎಂಥ ನಿದ್ದೆ! ಆರು ವಾರದ ನಿದ್ದೆಯನ್ನು ಒಟ್ಟಿಗೆ ತೀರಿಸುವವಳ ಹಾಗೆ. ನಿದ್ದೆಯಲ್ಲಿ ಅವಳ ಬಲಗೈ ಒಂದೊಂದು ಸಲ ತಾನಾಗಿ ಅಲುಗುತ್ತಿತ್ತು, ಮುಂಗೈ ಒಂದಿಷ್ಟು ತೆರೆದು ಮತ್ತೆ ಮಡಿಚಿಕೊಳ್ಳುತ್ತಿತ್ತು. ಸೊಳ್ಳೆ ಇರಬೇಕು ಎಂದುಕೊಂಡು ಹೊದಿಕೆ ಹೊದಿಸಿದೆ.

ಆರನೆಯ ದಿನ ಸಂಜೆ ಕೆಳಗಿನಿಂದ ಸದ್ದು ಬಂತು. ನಲವತ್ತು ವರ್ಷದಿಂದ ಈ ಶೆಡ್ಡನ್ನು ಕಿವಿಯಲ್ಲೇ ನಡೆಸಿದವಳು ನಾನು. ಯಾವ ಮೆಷಿನ್ನಿಗೆ ಎಣ್ಣೆ ಬೇಕು, ಯಾರು ಹೊಲಿಯುವುದು ಬಿಟ್ಟು ಹರಟುತ್ತಿದ್ದಾರೆ ಎಂದು ಮಹಡಿಯಿಂದಲೇ ಹೇಳಬಲ್ಲೆ. ಚೆಂಡಿನ ಸದ್ದು ಅದು. ಹಿಂದಿನ ಒಂದು ತಿಂಗಳಿನ ಸೊಟ್ಟ ಸದ್ದಲ್ಲ, ಟಕ್, ಟಕ್, ಟಕ್ ಎಂದು ಸೂಜಿ ದಾರ ಎಳೆದ ಹಾಗೆ ಒಂದೇ ಅಳತೆ. ಎಣಿಸಿದೆ. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಡಾಕ್ಟರು ಮೆಟ್ಟಿಲು ಬೇಡವೆಂದಿದ್ದರೂ ಕಟಕಟೆ ಹಿಡಿದುಕೊಂಡು ಮೆಲ್ಲಗೆ ಇಳಿದು ಬಾಗಿಲ ಸಂದಿಯಲ್ಲಿ ನಿಂತೆ. ಆ ಕಡೆ ಕಟಿಂಗ್ ಮೇಸ್ತ್ರಿ, ಈ ಕಡೆ ಮಿಡತೆ. ಭುಜ ತನ್ನ ಜಾಗದಲ್ಲಿ ಕುಳಿತಿದೆ. ಮೊಣಕೈ ಹೊಟ್ಟೆಯ ಮುಂದಿದೆ. ಮುಂಗೈ ತೆರೆದುಕೊಳ್ಳುತ್ತಿದೆ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ. ಪಾದ ಪುಟಿಯುತ್ತಿದೆ. ನಿಜ ಹೇಳಲೇ? ನೀನು ಹೋಗುವ ಮೊದಲು ಇದ್ದದ್ದಕ್ಕಿಂತ ಚೆನ್ನಾಗಿತ್ತು. ನಾನು ಬಂದದ್ದನ್ನು ನೋಡಿ ಅವಳು ಬೆಚ್ಚಿ ನಿಲ್ಲಿಸಿದಳು. ಯಾರು ಹೇಳಿಕೊಟ್ಟರು ಎಂದೆ. "ಯಾರೂ ಇಲ್ಲ ಅಜ್ಜಿ. ಕೈ ಸುಮ್ಮನೆ ತುರಿಸ್ತಿತ್ತು, ಅದಕ್ಕೆ ಬಂದೆ. ಕೈಗೇ ನೆನಪಾಯ್ತು" ಎಂದಳು. ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತಾ, "ಅಮ್ಮಾವ್ರೇ, ಅಂಟು ಹಾಕಿದ ಪುಸ್ತಕನ ಒತ್ತುಹಲಗೆಯಿಂದ ಮರುದಿನದ ತನಕ ತೆಗೀಬಾರ್ದು ಅಂತ ನನ್ನ ಬೆರಳಿಗೆ ಸ್ಕೇಲಲ್ಲಿ ಹೊಡೆದವರು ನೀವೇ. ಮಗೂನ ಮಾತ್ರ ಗಂಟೆಗೊಂದು ಸಲ ತೆಗೆದು ತೆಗೆದು ನೋಡ್ತಿದ್ರಿ" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಸಿಗುತ್ತಿತ್ತು. ಅವತ್ತು ಸೊಂಟನೋವು ಎಂದು ಹೇಳಿ ಮೆಟ್ಟಿಲು ಹತ್ತಿದೆ.

ಮರುದಿನ ಮಾತ್ರೆಯ ಹೊತ್ತು ಬರೆದಿಡಲು ಚೀಟಿಗೆಂದು ಡ್ರಾಯರು ಎಳೆದೆ. ಮೇಲೆ ನಿನ್ನ ಖಾಲಿ ಹಾಳೆ. ಹರಿಯಲು ಹೊರಟವಳು ಅದರ ಅಂಚು ನೋಡಿದೆ. ಕೈಯಲ್ಲಿ ಹರಿದ ಕಾಗದದ ಅಂಚು ಇನ್ನೊಂದರ ಹಾಗಿರುವುದಿಲ್ಲ, ಅದರ ಹಲ್ಲು ಪಕ್ಕದ ಹಾಳೆಯ ಹಲ್ಲಿಗೇ ಕೂರುತ್ತದೆ. ಏನೋ ಹೊಳೆದ ಹಾಗಾಯಿತು. ನಾನು ಹೊಲಿದ ಪುಸ್ತಕವನ್ನು ನಾನೇ ಬಿಚ್ಚಿದ್ದು ಜೀವಮಾನದಲ್ಲಿ ಅದೊಂದೇ ಸಲ. ದಾರ ಕತ್ತರಿಸಿ, ಅರವತ್ತಮೂರು ಹಾಳೆಯನ್ನೂ ನಿನ್ನ ಮೇಜಿನ ಮೇಲೆ ಹರಡಿ, ಅಂಚಿಗೆ ಅಂಚು ಕೂಡಿಸುತ್ತಾ ಹೋದೆ. ಎರಡು ಬರೆದದ್ದು, ಒಂದು ಖಾಲಿ. ಎರಡು ಬರೆದದ್ದು, ಒಂದು ಖಾಲಿ. ಕೊನೆಯ ವಾರಕ್ಕೆ ಬಂದರೆ ಒಂದು ಬರೆದದ್ದು, ಒಂದು ಖಾಲಿ. ಪಂದ್ಯದ ಮುಂಚಿನ ಎರಡು ದಿನ ಎರಡೂ ಖಾಲಿ. ಮಿಡತೆ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ಅಜ್ಜಿ! ಖಾಲಿ ಅಂದ್ರೆ ರಜೆ! ನನ್ನ ರಜೆನೆಲ್ಲ ನೀನು ಡ್ರಾಯರಿಗೆ ಹಾಕಿಬಿಟ್ಟಿದ್ದೀಯ!" ಎಂದು ಕಿರುಚಿದಳು. ಆಮೇಲೆ ನೆಲದ ಮೇಲೆ ಕೂತು ನಗತೊಡಗಿದಳು. ಸೊಸೆ ಬಂದಳು, ಮಗ ಬಂದ, ಮೇಸ್ತ್ರಿ ಬಂದ, ಹೊಲಿಗೆಯವರೆಲ್ಲ ಬಂದರು. ಪ್ರತಿಯೊಬ್ಬರಿಗೂ ಅವಳು ಹೊಸದಾಗಿ ವಿವರಿಸಿದಳು. ಇಷ್ಟು ವರ್ಷ ಈ ಶೆಡ್ಡಿನಲ್ಲಿ ಕೆಲಸದವರು ಯಾರೂ ನನ್ನ ಎದುರಿಗೇ ನಕ್ಕಿರಲಿಲ್ಲ. ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನೋಡಿದೆ, ಉಪಯೋಗವಾಗಲಿಲ್ಲ. ನನಗೂ ನಗು ಬಂತು. ಒಂದು ಮಾತು ಮಾತ್ರ ನಿನಗೂ ಹೇಳುತ್ತೇನೆ, ರಜೆ ಎಂದು ಎರಡಕ್ಷರ ಬರೆಯಲು ನಿನ್ನ ಪೆನ್ಸಿಲ್ಲಿಗೇನು ಬಂದಿತ್ತು?

ಉಳಿದ ಎರಡು ವಾರ ನೀನು ಬರೆದ ಹಾಗೇ ನಡೆಯಿತು. ಬರೆದ ಹಾಳೆಯ ದಿನ ಕಡಿಮೆ ಹೊಡೆತ, ಆದರೆ ಒಂದೊಂದನ್ನೂ ನೋಡಿ ನೋಡಿ. ಭುಜ ಒಂದು ಬೆರಳಿನಷ್ಟು ಏರಿದರೆ ಅಲ್ಲಿಗೆ ಮುಗಿಯಿತು, ಬುಟ್ಟಿಯಲ್ಲಿ ಚೆಂಡು ಉಳಿದಿದ್ದರೂ ಸರಿ. ಇನ್ನು ಹತ್ತೇ ಹತ್ತು ಎಂದು ಈಗ ಬೇಡುವವಳು ಅವಳು, ಬೇಡ ಎನ್ನುವವಳು ನಾನು! ಖಾಲಿ ಹಾಳೆಯ ದಿನ ಅವಳು ಗೆಳತಿಯ ಮನೆಗೆ ಹೋದಳು, ಬೆಕ್ಕಿಗೆ ಸ್ನಾನ ಮಾಡಿಸಿ ಪರಚಿಸಿಕೊಂಡಳು, ನಿದ್ದೆ ಮಾಡಿದಳು. ಕಷ್ಟವಾದದ್ದು ನನಗೆ. ಐದೂವರೆಯಾದರೆ ಕಾಲು ತಾನಾಗಿ ಹಿಂದಿನ ಹಾಲಿಗೆ ಹೋಗುತ್ತಿತ್ತು. ದೂಳೇ ಇಲ್ಲದ ಮೇಜನ್ನು ಒರೆಸಿ ಬರುತ್ತಿದ್ದೆ. ರಜೆಯ ಮರುದಿನ ಅವಳ ಕೈ ಹಿಂದಿನ ಸಲ ನಿಲ್ಲಿಸಿದ ಕಡೆಯಿಂದ ಶುರುವಾಗುತ್ತಿರಲಿಲ್ಲ, ಒಂದು ಮೆಟ್ಟಿಲು ಮೇಲಿನಿಂದ ಶುರುವಾಗುತ್ತಿತ್ತು. ಯಾರು ಹತ್ತಿಸಿದರು, ಯಾವಾಗ ಹತ್ತಿದಳು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸೊಸೆ ಏನೋ ಮಿದುಳಿನ ವಿಷಯ ಹೇಳಿದಳು, ನಿದ್ದೆಯಲ್ಲಿ ಅದು ಪಾಠ ಒಪ್ಪಿಸಿಕೊಳ್ಳುತ್ತದಂತೆ. ಇರಬಹುದು.

ಈಗ ನಿನ್ನೆಯ ವಿಷಯ. ದೊಡ್ಡ ಶಾಲೆಯೊಂದರ ಹಾಲು, ಆರು ಮೇಜು, ನಲವತ್ತು ಮಕ್ಕಳು, ಅವರ ಎರಡರಷ್ಟು ಅಪ್ಪ ಅಮ್ಮಂದಿರು. ಪ್ರತಿಯೊಬ್ಬರಿಗೂ ಮೂರು ಪಂದ್ಯ, ಎರಡು ಗೆದ್ದವರು ಶಿಬಿರಕ್ಕೆ. ಮೊದಲನೆಯದರಲ್ಲಿ ಮಿಡತೆ ಹೆದರಿ ಸೋತಳು, ನೇರ ಮೂರು ಗೇಮು. ಎರಡನೆಯದು ಗೆದ್ದಳು, ಆದರೆ ಕೊನೆಯ ಗೇಮಿನಲ್ಲಿ ಭುಜ ಏರಿದ್ದನ್ನು ನಾನು ನೋಡಿದೆ. ಮೂರನೆಯದಕ್ಕೆ ಒಂದು ಗಂಟೆ ಬಿಡುವಿತ್ತು. ಉಳಿದ ಮಕ್ಕಳೆಲ್ಲ ಗೋಡೆಗೆ, ಕಂಬಕ್ಕೆ, ಒಬ್ಬರಿಗೊಬ್ಬರು ಹೊಡೆಯುತ್ತಲೇ ಇದ್ದರು. ಇವಳು ನನ್ನ ಹತ್ತಿರ ಬಂದು, "ಅಜ್ಜಿ, ಮಲಗ್ಲಾ?" ಎಂದಳು. ತಮ್ಮಾ, ಆ ಕ್ಷಣದಲ್ಲಿ ನನ್ನ ಒಳಗಿನ ಹಳೆಯ ಹೆಂಗಸು ಎದ್ದು ಕೂತು, ಏಳು, ಹೊಡಿ, ಐವತ್ತಾದರೂ ಹೊಡಿ ಎಂದು ಕೂಗಿದಳು. ಒಂದು ಮಾತು ಸಾಕಿತ್ತು, ಹುಡುಗಿ ಎದ್ದು ಹೋಗಿ ಹೊಡೆಯುತ್ತಿದ್ದಳು. ಹಲ್ಲು ಕಚ್ಚಿಕೊಂಡು ಮಲಗು ಎಂದೆ. ಬೆಂಚಿನ ಮೇಲೆ ಮುಖಕ್ಕೆ ಟವೆಲು ಹಾಕಿಕೊಂಡು ನನ್ನ ತೊಡೆಯ ಮೇಲೆ ತಲೆಯಿಟ್ಟಳು, ಐದು ನಿಮಿಷದಲ್ಲಿ ಸಣ್ಣ ಗೊರಕೆ. ಪಕ್ಕದ ತಂಡದ ಕೋಚ್ ಬಂದು, "ಏನಜ್ಜಿ, ಹುಡುಗಿ ಮಲಗಿಬಿಟ್ಳಲ್ಲ, ಆಟ ಬಿಟ್ಟುಕೊಟ್ರಾ?" ಎಂದ. ನಮ್ಮ ಕೋಚ್ ಬರೆದುಕೊಟ್ಟಿದ್ದಾರೆ, ಮೆಲ್ಲಗೆ ಮಾತಾಡಿ ಎಂದೆ. ನನ್ನ ಕಾಲು ಜೋಮು ಹಿಡಿಯಿತು. ಅಲುಗಲಿಲ್ಲ.

ಮೂರನೆಯ ಪಂದ್ಯ ಅವಳಿಗಿಂತ ಒಂದು ಗೇಣು ಎತ್ತರದ ಹುಡುಗಿಯ ಮೇಲೆ. ಆ ಹುಡುಗಿ ಇಡೀ ಗಂಟೆ ಹೊಡೆದವಳು. ಎರಡೆರಡು ಗೇಮು ಸಮವಾಯಿತು. ಐದನೆಯದರಲ್ಲಿ ಒಂಬತ್ತಕ್ಕೆ ಒಂಬತ್ತು. ನನಗೆ ನೋಡಲಾಗದೆ ಕಣ್ಣು ಮುಚ್ಚಿದೆ, ಕಿವಿಯಿದೆಯಲ್ಲ. ಟಕ್, ಟಕ್, ಟಕ್, ಆಮೇಲೆ ಚೆಂಡು ಆಚೆ ನೆಲಕ್ಕೆ ಬಿದ್ದ ಸದ್ದು. ಹತ್ತು. ಮುಂದಿನದಕ್ಕೆ ಕಣ್ಣು ಬಿಟ್ಟೆ. ಎತ್ತರದ ಹುಡುಗಿ ಎಡಮೂಲೆಗೆ ಜೋರಾಗಿ ಕಳಿಸಿದಳು, ಒಂದು ತಿಂಗಳ ಹಿಂದಾಗಿದ್ದರೆ ಮಿಡತೆ ನಿಂತಲ್ಲೇ ಕೈ ಚಾಚುತ್ತಿದ್ದಳು. ಈಗ ಪುಟಿದಳು, ಎದೆಯ ಮುಂದೆಯೇ ಚೆಂಡಿಗೆ ಬ್ಯಾಟು ಕೊಟ್ಟಳು, ಕದ ತೆರೆಯಿತು. ನೇರ ಗೆರೆಗೆ. ಆ ಹುಡುಗಿ ತಿರುಗಿ ನೋಡಿದಳು ಅಷ್ಟೆ, ಕೈ ಹೋಗಲಿಲ್ಲ. ಹನ್ನೊಂದು, ಪಂದ್ಯ ನಮ್ಮದು. ನಾನು ಎದ್ದು ನಿಂತು ಏನೋ ಕೂಗಿದೆನಂತೆ. ಏನು ಕೂಗಿದೆನೆಂದು ಸೊಸೆಯನ್ನು ಕೇಳಬೇಡ, ಅವಳು ಸೇರಿಸಿ ಹೇಳುತ್ತಾಳೆ. ನಿನ್ನ ಮಿಡತೆ ಆಯ್ಕೆಯಾದಳು. ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಮನೆಗೆ ಬಂದಳು.

ಇಷ್ಟು ಬರೆದಮೇಲೆ ಎದೆ ಹಗುರವಾಯಿತು. ಹೊಡೆತ ಕೆಡಿಸಿದವಳು ನಾನು, ಸರಿಯಾದದ್ದು ನಿನ್ನಿಂದ, ನೀನು ಮಂಚದ ಮೇಲೆ ಮಲಗಿಕೊಂಡೇ. ಮನೆಯ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಮೇಸ್ತ್ರಿ ನಿನಗೆ ನಮಸ್ಕಾರ ಹೇಳೆಂದ. ಬೇಗ ಗುಣವಾಗು ಎಂದು ಬರೆಯಲು ಹೊರಟಿದ್ದೆ, ಬೇಡ, ಚೆನ್ನಾಗಿ ಗುಣವಾಗು. ನೂರು ವರ್ಷ ಬಾಳು, ಗಟ್ಟಿಯಾಗಿ ನಡೆ.

ನಿನ್ನ ಮೇಲೆ ಪ್ರೀತಿಯಿರುವ, ಅಂದರೆ ಗದರುವ,
ಅಕ್ಕ

ತಾ.ಕ.: ಸೊಸೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಅಂಚೆ ಪೆಟ್ಟಿಗೆಗೆ ಹಾಕಲು, ಆದ್ದರಿಂದ ಅವಸರದಲ್ಲಿ ಬರೆಯುತ್ತಿದ್ದೇನೆ. ಮಿಡತೆ ಬರುವ ವಾರ ಶಿಬಿರಕ್ಕೆ ಹೋಗುತ್ತಾಳೆ, ಒಂದು ತಿಂಗಳು. ಮೇಜು ಮಡಚಿ ಗೋಡೆಗೆ ಒರಗಿಸಲಾ ಅಮ್ಮಾ, ಫಾರಂ ಇಡಲು ಜಾಗವಾಗುತ್ತೆ ಎಂದು ಮಗ ಕೇಳಿದ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. ವಿಷಯ ಏನೆಂದರೆ, ಇಷ್ಟು ದಿನ ಚೆಂಡು ಕಳಿಸಿ ಕಳಿಸಿ ನನಗೆ ಫೋರ್‌ಹ್ಯಾಂಡ್ ತಕ್ಕಮಟ್ಟಿಗೆ ಬಂದಿದೆ, ಮೇಸ್ತ್ರಿಯ ಹತ್ತಿರ ಏಳು ಪಾಯಿಂಟು ತೆಗೆದೆ. ಬ್ಯಾಕ್‌ಹ್ಯಾಂಡ್ ಮಾತ್ರ ಬರುತ್ತಿಲ್ಲ. ಮಿಡತೆ ಹೇಳಿಕೊಡಲು ಹೋಗಿ ನಕ್ಕುಬಿಡುತ್ತಾಳೆ. ನೀನು ಬಂದಮೇಲೆ ನನಗೂ ಹೇಳಿಕೊಡುತ್ತೀಯಾ? ಕುರ್ಚಿಯ ಮೇಲೆ ಕೂತುಕೊಂಡು ಹೇಳಿದರೆ ಸಾಕು, ಹೇಳಿದಷ್ಟೇ ಮಾಡುತ್ತೇನೆ, ಒಂದೂ ಹೆಚ್ಚು ಮಾಡುವುದಿಲ್ಲ. ಅರವತ್ತೆಂಟು ವರ್ಷದಲ್ಲಿ ನಿನ್ನ ಹತ್ತಿರ ಏನನ್ನಾದರೂ ಕಲಿಸು ಎಂದು ಕೇಳುತ್ತಿರುವುದು ಇದೇ ಮೊದಲು. ನನ್ನ ಕಾಗದಗಳನ್ನು ನೀನು ವಾರ್ಡಿಗೆಲ್ಲ ಗಟ್ಟಿಯಾಗಿ ಓದಿ ನಗಿಸುತ್ತೀಯಂತೆ, ನರ್ಸ್ ಹೇಳಿದಳು. ಉಳಿದದ್ದೆಲ್ಲ ಓದು, ಪರವಾಗಿಲ್ಲ. ಈ ತಾ.ಕ. ಮಾತ್ರ ಮನಸ್ಸಿನಲ್ಲೇ ಓದಿಕೋ.